ಮಕ್ಕಳ ಚಾಂಚಲ್ಯವೂ ಅದರ ಕಾರಣಗಳೂ

ಈಚಿನ ಕೆಲವು ವರ್ಷಗಳಿಂದ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಲ್ಲಿ ಒಂದು ಹೊಸ ಮಾತು ಕೇಳಬರುತ್ತಿದೆ. ಹುಡುಗನು ಕುಳಿತಲ್ಲಿ ಕೂಡ್ರದಿದ್ದರೆ, ಪುಸ್ತಕವನ್ನು ತೆರೆದಿಟ್ಟು ಕಿಟಕಿಯ ಹೊರಗೆ ನೋಡಿದರೆ, ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡಿದರೆ, ಅವನಿಗೆ ‘ಎ.ಡಿ.ಎಚ್.ಡಿ.’ ಆಗಿರಬಹುದೇ ಎಂದು ತಾಯ್ತಂದೆಗಳು ಕೇಳುತ್ತಾರೆ. ಹಿಂದೆ ಇಂಥವನಿಗೆ ಉಡಾಳನೆಂದು ಹೆಸರಿಟ್ಟು, ಬೆನ್ನಿಗೆರಡು ಬಿಗಿದು ಕೂಡ್ರಿಸುತ್ತಿದ್ದರು. ಈಗ ರೋಗದ ಹೆಸರಿಡುತ್ತಾರೆ. ಏಟಿಗಿಂತ ಹೆಸರು ಮೇಲೆಂಬದನ್ನು ಒಪ್ಪತಕ್ಕದ್ದೇ. ಆದರೆ ಎರಡರಲ್ಲಿಯೂ ಆತುರವೊಂದು ಸಮಾನವಾಗಿರುವದು: ಹುಡುಗನು ಹೀಗೇಕೆ ಮಾಡುತ್ತಾನೆಂಬ ವಿಚಾರವು ಎರಡರಲ್ಲಿಯೂ ಹಿಂದೆ ಬೀಳುವದು. ಈ ಊರುಗಳ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದವನು ಕಂಡದ್ದನ್ನೂ, ವೈದ್ಯರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡದ್ದನ್ನೂ ಗೃಹಸ್ಥ ವಾಚಕರ ಮುಂದಿಡುತ್ತೇನೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅವಧಾನದ ಕೊರತೆಯೂ ಅತಿಯಾದ ಚಟುವಟಿಕೆಯೂ ಕೂಡಿದ ಈ ವ್ಯಾಧಿಯು ಕಲ್ಪಿತವಲ್ಲ. ಇಂದು ಹುಟ್ಟಿದ್ದೂ ಅಲ್ಲ. ಅವಧಾನವು ಒಂದೆಡೆಯಲ್ಲಿ ನಿಲ್ಲದಿರುವ ದೋಷವು ಹುಟ್ಟಿನೊಡನೆಯೇ ಬರಬಹುದೆಂದು ಸ್ಕಾಟ್ಲಂಡದ ವೈದ್ಯ ಅಲೆಕ್ಸಾಂಡರ್ ಕ್ರೈಟನ್ನನು ೧೭೯೮ರಲ್ಲಿಯೇ ಬರೆದನು. ೧೯೦೨ರಲ್ಲಿ ಜಾರ್ಜ್ ಸ್ಟಿಲ್ಲನು ಲಂಡನ್ನಿನ ವೈದ್ಯರ ಮುಂದೆ, ಬುದ್ಧಿಯಲ್ಲಿ ಕಡಮೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ವಿಷಯವಾಗಿ ಉಪನ್ಯಾಸಗಳನ್ನು ಕೊಟ್ಟನು. ೧೯೩೭ರಲ್ಲಿ ಅಮೇರಿಕೆಯ ಚಾರ್ಲ್ಸ್ ಬ್ರ್ಯಾಡ್ಲಿಯು ತನ್ನ ಆಸ್ಪತ್ರೆಯ ಮಕ್ಕಳಿಗೆ ಉತ್ತೇಜಕ ಔಷಧವೊಂದನ್ನು ಕೊಟ್ಟು ನೋಡಲು, ಅವರಲ್ಲನೇಕರು ಕೆರಳುವದಕ್ಕೆ ಬದಲಾಗಿ ಶಾಂತರಾಗಿ ಪಾಠಕ್ಕೆ ಕುಳಿತರು. ಅನೇಕ ದೇಶಗಳ ಗಣನೆಗಳನ್ನು ಕೂಡಿಸಿ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು ೫ ಮಕ್ಕಳಿಗೆ ಈ ವ್ಯಾಧಿಯಿರುವದೆಂದು ತಿಳಿದುಬಂದಿದೆ. ಅದು ಬಹುಮಟ್ಟಿಗೆ ವಂಶದಿಂದ ಬರುವದೆಂದು ಅವಳಿ ಮಕ್ಕಳ ಪರಿಶೀಲನೆಯಿಂದ ಗೊತ್ತಾಗಿದೆ. ತಾಯಿಯು ಮುದ್ದು ಮಾಡಿದ್ದರಿಂದಾಗಲಿ, ಸಿಹಿ ತಿನ್ನಿಸಿದ್ದರಿಂದಾಗಲಿ ಬರುವದಲ್ಲ. ಅತ್ತೆಯರು ಸೊಸೆಯರ ಮೇಲೆ ಈ ತಪ್ಪನ್ನು ಹೊರಿಸುವದನ್ನು ಇನ್ನಾದರೂ ಬಿಡಬೇಕು.

ಆದರೆ ವೈದ್ಯರು ಈ ಹೆಸರನ್ನು ಕೊಡುವ ಮೊದಲು ಕೆಲವು ನಿಯಮಗಳನ್ನು ನೋಡುತ್ತಾರೆ. ಅಮೇರಿಕೆಯ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ, ಲಕ್ಷಣಗಳು ೧೨ ವರ್ಷದೊಳಗೇ ಕಾಣಿಸಿಕೊಂಡಿರಬೇಕು. ೬ ತಿಂಗಳಾದರೂ ಎಡೆಬಿಡದೆ ಇದ್ದಿರಬೇಕು. ಮನೆ, ಶಾಲೆ ಮೊದಲಾದ ಎರಡು ಸ್ಥಳಗಳಲ್ಲಿಯಾದರೂ ತೋರಿರಬೇಕು. ಬೇರೊಂದು ಕಾರಣದಿಂದ ಅವು ಬಂದಿಲ್ಲವೆಂಬದೂ ನಿಶ್ಚಯವಾಗಬೇಕು. ಕೊನೆಯ ಈ ನಿಯಮವೇ ನಮ್ಮವರಿಗೆ ಮರೆತುಹೋಗುವದು.

ನ್ಯಾಯಶಾಸ್ತ್ರಕ್ಕೆ ಕುಳಿತ ವಿದ್ಯಾರ್ಥಿಯು ಮೊದಲು ಕಲಿಯುವ ಉದಾಹರಣೆಯು ಗುಡ್ಡದ ಮೇಲಣ ಹೊಗೆಯದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಗುಡ್ಡದ ಮೇಲೆ ಹೊಗೆ ಕಾಣುತ್ತಿದೆ, ಆದುದರಿಂದ ಅಲ್ಲಿ ಬೆಂಕಿಯಿರಬೇಕು. ಅನುಮಾನವೇನೋ ಸರಿಯೇ. ಆದರೆ ಕಂಡದ್ದು ಹೊಗೆಯೇ ಹೌದೋ, ಮೇಲೆದ್ದ ಧೂಳೋ ಎಂಬದನ್ನು ಮೊದಲು ನಿರ್ಣಯಿಸಬೇಕೆಂದು ಶಾಸ್ತ್ರಜ್ಞರು ಎಚ್ಚರಿಸಿದ್ದಾರೆ. ಧೂಳಿಗೆ ನಮ್ಮ ಕಡೆ ಬಡತನವಿಲ್ಲ; ಫರಸಿ ಕಲ್ಲಿನ ಖಣಿಗಳೂ ಸಿಮೆಂಟಿನ ಕಾರಖಾನೆಗಳೂ ಇರುವ ನಾಡಿದು. ಇನ್ನೊಂದು ಉದಾಹರಣೆಯು ಕಾಯ್ದ ಕಬ್ಬಿಣದ ಗುಂಡಿನದು: ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇದರ ಮಾತು ಮುಂದೆ ಬರುವದು. ಮೊದಲು ಧೂಳಿನ ವಿಚಾರ.

ವಾಡಿಯು ೧೮೭೪ರಿಂದ, ಅಂದರೆ ನಿಜಾಮರ ರೈಲು ಸಿಕಂದರಾಬಾದದ ವರೆಗೆ ಓಡತೊಡಗಿದಂದಿನಿಂದ, ಕೂಡುದಾರಿಯ ನಿಲ್ದಾಣ. ಅಲ್ಲಿ ರಾತ್ರಿಯೆಂಬದೊಂದಿಲ್ಲ. ಮುಂಬಯಿಯ ಗಾಡಿ, ಚೆನ್ನೈಯ ಗಾಡಿ, ಹೈದರಾಬಾದಿನ ಗಾಡಿ, ಅವುಗಳ ನಡುವೆ ಸಾಮಾನಿನ ಗಾಡಿಗಳು. ಹಳಿಯ ಪಕ್ಕದ ಒಂದೇ ಕೋಣೆಯ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ತಂದೆಗೆ ಪಾಳಿಯ ಕೆಲಸ. ನಡುರಾತ್ರಿ ಬಂದು ಉಣ್ಣುವವನು. ಆಗ ದೀಪವು ಹತ್ತುವದು, ದೂರದರ್ಶನವು ಹಾಡುವದು, ಹುಡುಗನೂ ಏಳುವನು. ಬೆಳಿಗ್ಗೆ ಶಾಲೆಯಲ್ಲಿ ಅವನು ತೂಕಡಿಸುತ್ತಿದ್ದನೇ? ಇಲ್ಲ, ಬೆಂಚುಗಳ ಮೇಲೆ ಕುಣಿಯುತ್ತಿದ್ದನು. ಇದು ದೊಡ್ಡವರ ಅನುಭವಕ್ಕೆ ವಿರುದ್ಧವಾಗಿ ತೋರುವದು. ನಮಗೆ ನಿದ್ದೆ ಕೆಟ್ಟರೆ ಮೈ ಜಡವಾಗುವದು; ಮಕ್ಕಳಿಗೆ ನಿದ್ದೆ ಕೆಟ್ಟರೆ ಅನೇಕವೇಳೆ ಮೈ ಕೆರಳುವದು, ಕೋಪವು ಮೂಗಿನ ತುದಿಗೆ ಬರುವದು, ಲಕ್ಷ್ಯವು ಚದರುವದು. ೬ರಿಂದ ೧೨ ವರ್ಷದ ಮಕ್ಕಳಿಗೆ ದಿನಕ್ಕೆ ೯ರಿಂದ ೧೨ ತಾಸು ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಆ ಹುಡುಗನಿಗೆ ಏಳು ತಾಸೂ ದೊರೆಯುತ್ತಿದ್ದಿಲ್ಲ. ಅಜ್ಜಿಯು ಬಂದು ಹಿತ್ತಲ ಕಡೆಯ ಪಡಸಾಲೆಯಲ್ಲಿ ಅವನನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಳ್ಳತೊಡಗಿದ ಮೇಲೆ ಕುಣಿತವು ಎಷ್ಟೋ ಇಳಿಯಿತು. ಗಾಡಿಗಳ ಸಪ್ಪಳವೇನೂ ನಿಂತಿರಲಿಲ್ಲ. ಅದಕ್ಕೆ ಕಿವಿಗಳು ಹೊಂದಿಕೊಂಡಿದ್ದವು. ದೀಪವೂ ಮಾತೂ ನಿಂತಿದ್ದವು, ಅಷ್ಟೇ. ನಿದ್ದೆಯಲ್ಲಿ ದೊಡ್ಡ ಗೊರಕೆ ಹೊಡೆಯುವ, ಬಾಯಿ ತೆರೆದು ಉಸಿರಾಡುವ ಮಗುವನ್ನು ವೈದ್ಯರಿಗೆ ತೋರಿಸಬೇಕು. ಗಂಟಲೊಳಗಿನ ಗ್ರಂಥಿಗಳು ಊದಿ ಉಸಿರು ಕಟ್ಟುತ್ತಿದ್ದರೆ ಹತ್ತು ತಾಸು ಮಲಗಿದ ಮಗುವೂ ನಿದ್ದೆಗೆಟ್ಟ ಮಗುವೇ.

ಹೊಟ್ಟೆಯ ವಿಚಾರವು ನಿದ್ದೆಗಿಂತ ಹಳೆಯದು. ನಮ್ಮ ಜಿಲ್ಲೆಗೆ ತೊಗರಿಯ ಕಣಜವೆಂದು ಹೆಸರು. ೨೦೧೯ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತೂ ದೊರೆಯಿತು. ಆ ತೊಗರಿಯ ಹೊಲಕ್ಕೆ ಕಳೆ ತೆಗೆಯಲು ಹೊರಟ ತಾಯಿಯ ಮಗನು ಮಾತ್ರ ಒಂದು ಬಟ್ಟಲು ಚಹವನ್ನೂ ಎರಡು ಬಿಸ್ಕೀಟುಗಳನ್ನೂ ತಿಂದು ಶಾಲೆಗೆ ಬರುವನು. ಹನ್ನೊಂದು ಗಂಟೆಯ ಹೊತ್ತಿಗೆ ಅಂಥವನ ಲಕ್ಷ್ಯವು ಎಲ್ಲಿರುವದೆಂದು ಕೇಳಬೇಕಾದುದಿಲ್ಲ. ೨೦೦೨ರಲ್ಲಿ ಅಕ್ಷರ ದಾಸೋಹವು ಮೊದಲು ನಮ್ಮ ಕಡೆಯ ಜಿಲ್ಲೆಗಳಲ್ಲಿಯೇ ಆರಂಭವಾದಾಗ, ಮಧ್ಯಾಹ್ನದ ನಂತರದ ತರಗತಿಗಳ ಬಣ್ಣವೇ ಬದಲಾದದ್ದನ್ನು ಆಗಿನ ಶಿಕ್ಷಕರೆಲ್ಲರೂ ಬಲ್ಲರು. ೨೦೧೩ರಿಂದ ಹಾಲು, ೨೦೨೧ರ ಡಿಸೆಂಬರಿನಿಂದ ತತ್ತಿ. ತತ್ತಿಯ ವಿಷಯದಲ್ಲಿ ನಡೆದ ವಾದವನ್ನು ಇಲ್ಲಿ ಎತ್ತುವದಿಲ್ಲ. ತಿಂದ ಮಕ್ಕಳ ಮುಖವನ್ನು ನೋಡಿದವರಿಗೆ ಆ ವಾದದ ಅಗತ್ಯವಿಲ್ಲ.

ಹೊಟ್ಟೆ ತುಂಬಿದರೂ ರಕ್ತವು ಬಡವಾಗಿರಬಹುದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೫ಕ್ಕೆ ಮೇಲ್ಪಟ್ಟು ಮಕ್ಕಳು ರಕ್ತಹೀನರು. ಕಬ್ಬಿಣವು ರಕ್ತಕ್ಕಷ್ಟೇ ಬೇಕಾದುದಲ್ಲ. ಮೆದುಳಿನ ಕೆಲಸಕ್ಕೂ ಬೇಕು. ಅದು ಸಾಲದ ಮಗುವು ಸಿಡಿಮಿಡಿಗೊಳ್ಳುವದು, ಕಲಿತದ್ದನ್ನು ಮರೆಯುವದು, ರಾತ್ರಿ ಕಾಲು ಒದರುತ್ತ ಹೊರಳಾಡುವದು. ಇದನ್ನೆಲ್ಲ ಕಂಡು ಚಂಚಲನೆಂದು ಬರೆದುಬಿಟ್ಟರೆ ಒಂದು ಸಣ್ಣ ರಕ್ತಪರೀಕ್ಷೆಯಿಂದ ತಿಳಿಯುವದು ತಿಳಿಯದೆ ಹೋಗುವದು. ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ಚಹದೊಡನೆ ನುಂಗಿದರೆ ಅದರ ಗುಣವು ಕುಗ್ಗುವದು, ಲಿಂಬೆಯ ರಸದೊಡನೆ ಹೆಚ್ಚುವದು. ಫೆಬ್ರುವರಿ ೧೦ ಮತ್ತು ಆಗಸ್ಟ್ ೧೦ರಂದು ಶಾಲೆ, ಅಂಗನವಾಡಿಗಳಲ್ಲಿ ಹುಳದ ಗುಳಿಗೆಯನ್ನು ಕೊಡುವ ಪದ್ಧತಿಯುಂಟು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು.

ಕಿವಿ ಕಣ್ಣುಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಿವಿ ಸೋರುವ ಮಗುವಿಗೆ ಅರ್ಧ ಪಾಠವು ಕೇಳಿಸದು, ಕೇಳಿಸದ ಮಗುವು ಪಕ್ಕದವನನ್ನು ಚಿವುಟುವದು. ಹಲಗೆಯ ಅಕ್ಷರವು ಕಾಣದವನು ಕಿಟಕಿಯ ಹೊರಗೆ ನೋಡುವನು. ಮಾತನಾಡುತ್ತಿದ್ದಂತೆಯೇ ಹತ್ತಿಪ್ಪತ್ತು ಕ್ಷಣ ದೃಷ್ಟಿಯನ್ನು ನೆಟ್ಟು, ಕರೆದರೂ ಓಗೊಡದೆ, ಮತ್ತೆ ಏನೂ ಆಗದವನಂತೆ ಮಾತಿಗೆ ತೊಡಗುವ ಮಗುವಿಗೆ ಅದು ಅಲಕ್ಷ್ಯವಲ್ಲ, ಅಪಸ್ಮಾರದ ಒಂದು ಮೃದು ರೂಪವಾಗಿರಬಹುದು. ಅದಕ್ಕೆ ಒಳ್ಳೆಯ ಔಷಧಗಳುಂಟು.

ಇನ್ನು ಭಾಷೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದ ನುಡಿಯು ನಾಡಿನಲ್ಲೆಲ್ಲ ಒಂದೇ ತೆರನಾಗಿಲ್ಲವೆಂಬದನ್ನು ಸಾವಿರದ ನೂರೈವತ್ತು ವರ್ಷಗಳ ಹಿಂದೆಯೇ ಗುರುತಿಸಿದೆ. ಇಂದೂ ಆ ನೆಲದ ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ, ಕೆಲವೆಡೆ ಮರಾಠಿ ಆಡುವ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ತೆಲಂಗಾಣದ ತಾಂಡೂರು ನಮಗೆ ಕೂಗಳತೆಯಲ್ಲಿದೆ. ತಾಂಡಾದಿಂದ ಆರನೆಯ ವರ್ಷದಲ್ಲಿ ಶಾಲೆಗೆ ಬಂದ ಮಗುವಿಗೆ ಪಾಠಪುಸ್ತಕದ ಕನ್ನಡವು ಎಷ್ಟು ದೂರವೆಂದರೆ, ನನ್ನೆದುರಿಗೆ ಯಾರಾದರೂ ದಿನಕ್ಕೈದು ತಾಸು ಗ್ರೀಕ್ ಭಾಷೆಯಲ್ಲಿ ಮಾತನಾಡಿ ಕೈ ಕಟ್ಟಿ ಕೂಡ್ರೆಂದರೆ ನಾನೂ ಏಳುವೆನು. ಚಿಂಚೋಳಿಯ ಕಡೆಯ ಒಬ್ಬ ಹುಡುಗನ ಮೇಲೆ ಒಂದು ಕ್ಷಣವೂ ಲಕ್ಷ್ಯ ನಿಲ್ಲಿಸಲಾರನೆಂಬ ದೂರಿತ್ತು. ಅದೇ ಹುಡುಗನು ರಜೆಯಲ್ಲಿ ನಲವತ್ತು ಆಡುಗಳನ್ನು ಕಾಡಿನಂಚಿಗೆ ಹೊಡೆದುಕೊಂಡು ಹೋಗಿ, ಸಂಜೆಗೆ ಒಂದೂ ತಪ್ಪದಂತೆ ಎಣಿಸಿ ತರುತ್ತಿದ್ದನು. ಇದೊಂದರಿಂದಲೇ ಅವನಿಗೆ ವ್ಯಾಧಿಯಿಲ್ಲವೆಂದು ಹೇಳಲು ಬರುವದಿಲ್ಲ, ಏಕೆಂದರೆ ವ್ಯಾಧಿಯುಳ್ಳ ಮಕ್ಕಳೂ ತಮಗೆ ಪ್ರಿಯವಾದ, ಓಡಾಟದ ಕೆಲಸದಲ್ಲಿ ಮೈಮರೆಯುವದುಂಟು. ಆದರೆ ಅವನ ಭಾಷೆಯನ್ನು ಬಲ್ಲ ತರುಣ ಶಿಕ್ಷಕರೊಬ್ಬರು ಬಂದು ಲೆಕ್ಕವನ್ನು ಲಂಬಾಣಿಯಲ್ಲಿ ಹೇಳತೊಡಗಿದಾಗ ಅವನು ಕುಳಿತನು. ಕನ್ನಡವು ಆ ಮೇಲೆ ತಾನೇ ಬಂದಿತು.

ಮೈಯಲುಗದೆ ಕೂಡ್ರುವದೇ ವಿದ್ಯೆಯೆಂಬ ನಂಬಿಕೆಯಾದರೂ ನಮ್ಮದಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವಿತ್ತು; ಅಲ್ಲಿ ಪುಸ್ತಕಗಳನ್ನು ಕಾಯುವ ಸರಸ್ವತೀ ಭಾಂಡಾರಿಗಳೂ ಇದ್ದರೆಂದು ಶಾಸನವು ಹೇಳುತ್ತದೆ. ವೇದಪಾಠವನ್ನು ಕಂಡವರಿಗೆ ಗೊತ್ತು, ಸ್ವರಕ್ಕೆ ಸರಿಯಾಗಿ ವಟುಗಳ ತಲೆಯೂ ಕೈಯೂ ಆಡುತ್ತಲೇ ಇರುವವು. ಏಪ್ರಿಲಿನ ಬಿಸಿಲಿನಲ್ಲಿ, ೪೦ ಅಂಶ ಮೀರಿದ ಸೆಕೆಯಲ್ಲಿ, ತಗಡಿನ ಮಾಡಿನ ಕೆಳಗೆ ಎಂಟು ವರ್ಷದ ಮಗುವು ಅಲುಗದೆ ಕುಳಿತರೆ ಅದಕ್ಕಾಗಿ ವೈದ್ಯರನ್ನು ಕರೆಯಿಸಬೇಕು.

ಈಗ ಎಲ್ಲಕ್ಕಿಂತ ಕಷ್ಟದ ಕಾರಣಕ್ಕೆ ಬರುತ್ತೇನೆ. ಮನಸ್ಸು ಅಣುವೆಂದು ನೈಯಾಯಿಕರ ಮತ. ಕಣ್ಣು, ಕಿವಿ, ಮೂಗುಗಳು ಒಮ್ಮೆಲೇ ತೆರೆದಿದ್ದರೂ ಜ್ಞಾನಗಳು ಒಮ್ಮೆಲೇ ಉಂಟಾಗವು. ಮನಸ್ಸು ಯಾವ ಇಂದ್ರಿಯದೊಡನೆ ಕೂಡಿರುವದೋ ಅದರ ಜ್ಞಾನವೇ ಆಗುವದು. ಈ ಸಿದ್ಧಾಂತದ ಉದಾಹರಣೆಯನ್ನು ನಾನು ಶಹಾಬಾದದಲ್ಲಿ ಕಂಡೆನು. ಖಣಿಯಲ್ಲಿ ಫರಸಿ ಸೀಳುವವನ ಮಗನವನು; ಬುದ್ಧಿವಂತ. ಅವನು ಯಾವಾಗಲೂ ಬಾಗಿಲ ಬಳಿಯಲ್ಲಿಯೇ ಕೂಡ್ರುವನು. ಹೊರಗೆ ಚಪ್ಪಲಿಯ ಸಪ್ಪಳವಾದರೆ ಹೊರಳಿ ನೋಡುವನು. ಯಾರಾದರೂ ದನಿಯೆತ್ತಿದರೆ ಎದ್ದು ನಿಲ್ಲುವನು. ಹಿಂದಿನಿಂದ ಯಾರಾದರೂ ಮುಟ್ಟಿದರೆ ಹೊಡೆದುಬಿಡುವನು. ತಂದೆಯು ಸಂಜೆ ಕುಡಿದು ಬಂದು ತಾಯಿಯನ್ನು ಬಡಿಯುತ್ತಿದ್ದನೆಂಬದು ಆಮೇಲೆ ತಿಳಿಯಿತು. ಆ ಮನೆಯಲ್ಲಿ ಸಪ್ಪಳಕ್ಕೆ ಕಿವಿಗೊಟ್ಟವನು ತಂಗಿಯನ್ನು ಎಳೆದುಕೊಂಡು ನೆರೆಮನೆಗೆ ಓಡುವನು, ಕಿವಿಗೊಡದವನಿಗೆ ಏಟು. ಹೀಗೆ ಅವನ ಅಣುವಿನಷ್ಟು ಮನಸ್ಸೆಲ್ಲವೂ ಕಿವಿಯಲ್ಲಿಯೇ ಕಾವಲು ಕುಳಿತಿತ್ತು; ವ್ಯಾಕರಣಕ್ಕೆ ಏನು ಉಳಿಯಬೇಕು? ಅವಧಾನದ ಕೊರತೆಯೆಂದರೆ ಅವನಿಗೆ ಅನ್ಯಾಯವಾಗುವದು. ಅವನ ಅವಧಾನವು ಆ ತರಗತಿಯಲ್ಲಿ ಎಲ್ಲರದಕ್ಕಿಂತ ತೀಕ್ಷ್ಣವಾಗಿತ್ತು.

ಭಯದಲ್ಲಿ ಬೆಳೆಯುವ ಮಗುವಿನ ಶರೀರವು ಸದಾ ಓಟಕ್ಕೆ ಸಿದ್ಧವಾಗಿರುವದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಅಂಥವನನ್ನು ಕೂಡ್ರಿಸಲು ಬೆತ್ತವನ್ನೆತ್ತಿದರೆ ಕಾರಣವನ್ನೇ ಔಷಧವೆಂದು ಕುಡಿಸಿದಂತೆ. ಮಕ್ಕಳ ಶಿಕ್ಷಣದ ಹಕ್ಕಿನ ೨೦೦೯ರ ಕಾಯಿದೆಯು ಶಾಲೆಯಲ್ಲಿ ದೇಹದಂಡನೆಯನ್ನು ನಿಷೇಧಿಸಿದೆ. ಮನೆಯಲ್ಲಿ ನಿಷೇಧಿಸುವವರು ಮನೆಯವರೇ. ಆ ಹುಡುಗನ ಸೋದರಮಾವನು ತಾಯಿಮಕ್ಕಳನ್ನು ತನ್ನ ಮನೆಗೆ ಕರೆದೊಯ್ದನು. ಒಂದು ವರ್ಷದ ನಂತರ ಅಲ್ಲಿಯ ಶಿಕ್ಷಕರನ್ನು ವಿಚಾರಿಸಲು, ಯಾವ ಚಂಚಲ ಹುಡುಗನನ್ನು ಕೇಳುತ್ತೀರೆಂದು ಅವರೇ ನನ್ನನ್ನು ಕೇಳಿದರು.

ಹೊಡೆತವಿಲ್ಲದ ಮನೆಗಳಲ್ಲಿಯೂ ಅಗಲಿಕೆಯುಂಟು. ದೀಪಾವಳಿಯು ಕಳೆಯಿತೆಂದರೆ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ದುಡಿಯಲು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಹೊರಡುವವರ ಗಂಟುಗಳು ಕಾಣುತ್ತವೆ. ಕೆಲವು ಮಕ್ಕಳು ಜೊತೆಯಲ್ಲಿ ಹೋಗಿ ಕಟ್ಟಡಗಳ ನೆರಳಿನಲ್ಲಿ ಐದು ತಿಂಗಳು ಕಳೆದು ಬರುತ್ತಾರೆ. ಕೆಲವರು ಅಜ್ಜಿಯೊಡನೆ ಉಳಿಯುತ್ತಾರೆ. ಹಿಂದಿರುಗಿದವನು ಪಾಠದಲ್ಲಿ ಹಿಂದೆ ಬಿದ್ದಿರುವದರಿಂದ ಗದ್ದಲ ಮಾಡುವನು. ಉಳಿದವನು ತಾಯಿಯ ಕರೆ ಯಾವಾಗ ಬಂದೀತೆಂದು ದೂರವಾಣಿಯನ್ನೇ ನೋಡುತ್ತಿರುವನು. ಅವನ ಕೈಯಿಂದ ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ಅದರಲ್ಲಿ ಅವನು ಹುಡುಕುತ್ತಿರುವದೇನೆಂದು ಕೇಳಬೇಕು. ಮೊಬೈಲಿನ ಆಟಗಳು ಒಳ್ಳೆಯವೆಂದು ನಾನು ಹೇಳುತ್ತಿಲ್ಲ. ಅವು ನಿದ್ದೆಯನ್ನೂ ಓಡಾಟವನ್ನೂ ನುಂಗುತ್ತವೆ. ಆದರೆ ೨೦೨೦ರ ಮಾರ್ಚಿನಿಂದ ೨೦೨೧ರ ಅಕ್ಟೋಬರಿನ ವರೆಗೆ ಕೆಳಗಿನ ತರಗತಿಗಳ ಬಾಗಿಲನ್ನು ಮುಚ್ಚಿ, ಪಾಠಕ್ಕೆಂದು ಅದನ್ನು ಮಕ್ಕಳ ಕೈಗೆ ಕೊಟ್ಟವರು ನಾವೇ ದೊಡ್ಡವರು.

ವಯಸ್ಸಿನದೊಂದು ವಿನೋದವುಂಟು. ನಮ್ಮ ಶಾಲೆಗಳ ಹಳೆಯ ದಾಖಲೆಗಳನ್ನು ತೆರೆದರೆ ಅರ್ಧ ಊರೇ ಜೂನ್ ೧ರಂದು ಹುಟ್ಟಿದಂತೆ ಕಾಣುವದು. ಜನ್ಮದಿನವು ತಿಳಿಯದಾಗ ಗುರುಗಳು ಆ ದಿನವನ್ನು ಬರೆಯುತ್ತಿದ್ದರು. ಇದರಿಂದ ಐದು ವರ್ಷದವನೂ ಆರು ವರ್ಷದವನೂ ಒಂದೇ ಮಣೆಯ ಮೇಲೆ ಕುಳಿತರು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯದಲ್ಲಿ ಒಂಬತ್ತು ಲಕ್ಷಕ್ಕೆ ಮೇಲ್ಪಟ್ಟು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ೨೦೧೨ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತರಗತಿಯಲ್ಲಿ ಅತ್ಯಂತ ಕಿರಿಯರಾದ ಡಿಸೆಂಬರಿನ ಗಂಡುಮಕ್ಕಳಿಗೆ, ಹಿರಿಯರಾದ ಜನವರಿಯವರಿಗಿಂತ ನೂರಕ್ಕೆ ೩೦ರಷ್ಟು ಹೆಚ್ಚಾಗಿ ಈ ವ್ಯಾಧಿಯ ಹೆಸರು ಬಿದ್ದಿತ್ತು. ಅಲ್ಲಿ ವಯಸ್ಸನ್ನು ಸರಿಯಾಗಿ ಬರೆದೂ ಹೀಗಾದರೆ, ಜೂನ್ ಒಂದರವರಾದ ನಮ್ಮ ಗತಿಯೇನು! ಚಿಕ್ಕವನಾಗಿರುವದು ರೋಗವಲ್ಲ.

ಕಾಯ್ದ ಕಬ್ಬಿಣದ ಗುಂಡಿನ ಮಾತನ್ನು ಬಾಕಿ ಉಳಿಸಿದ್ದೆನು. ಹೊಗೆಯಿಲ್ಲದ ಬೆಂಕಿಯು ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಕಾಣುವದು. ಸೇಡಂನಲ್ಲಿ ನನ್ನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಎಂದೂ ಜಾಗ ಬಿಟ್ಟೇಳಲಿಲ್ಲ, ಯಾರೊಡನೆಯೂ ಜಗಳವಾಡಲಿಲ್ಲ. ಆದುದರಿಂದ ಅವಳ ವಿಷಯದಲ್ಲಿ ಯಾರ ದೂರೂ ಇದ್ದಿಲ್ಲ. ಪೆಟ್ಟಿಗೆಯನ್ನು ದಿನಕ್ಕೊಂದೆಡೆ ಮರೆಯುವಳು. ನಾಲ್ಕು ಸಾಲು ಬರೆದು ಐದನೆಯದರ ನಡುವೆ ನಿಂತುಬಿಡುವಳು. ದಡ್ಡಿಯೆಂದು ಮನೆಯಲ್ಲಿ ನಿರ್ಧರಿಸಿ, ಹತ್ತನೆಯ ತರಗತಿಯು ಮುಗಿದೊಡನೆ ಮದುವೆಯ ಮಾತನ್ನೆತ್ತಿದ್ದರು. ಊಟವು ಸರಿಯಾಗಿತ್ತು, ನಿದ್ದೆಯಿತ್ತು, ಕಣ್ಣು ಕಿವಿಗಳು ಚೆನ್ನಾಗಿದ್ದವು, ಮನೆಯು ಶಾಂತವಾಗಿತ್ತು. ತಾಯಿಯನ್ನು ವಿಚಾರಿಸಲು, ಆರನೆಯ ವರ್ಷದಿಂದಲೂ ಮನೆಯಲ್ಲಿ, ಗುಡಿಯಲ್ಲಿ, ಅಂಗಡಿಗೆ ಕಳಿಸಿದಲ್ಲಿ ಹೀಗೆಯೇ ಎಂದಳು. ಧೂಳೆಲ್ಲ ಇಳಿದ ಮೇಲೂ ಉಳಿದದ್ದು ಇದು. ಕಲಬುರಗಿಯ ವೈದ್ಯರು ಅವಳನ್ನು ಮೂರು ಸಲ ನೋಡಿ, ಶಾಲೆಯಿಂದಲೂ ಬರೆಹವನ್ನು ತರಿಸಿಕೊಂಡು, ವ್ಯಾಧಿಯ ಹೆಸರನ್ನು ಹೇಳಿದರು. ಮಾತ್ರೆಯನ್ನು ಕೊಟ್ಟರು, ಅದರಿಂದ ಹಸಿವು ಕುಂದಬಹುದೆಂದೂ ತೂಕವನ್ನು ನೋಡುತ್ತಿರಬೇಕೆಂದೂ ಹೇಳಿದರು. ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಕೊಡಬೇಕೆಂದು ನಮಗೂ ತಾಯಿಗೂ ತಿಳಿಸಿಕೊಟ್ಟರು. ಮದುವೆಯ ಮಾತು ಮುಂದೆ ಹೋಯಿತು. ಇಂಥ ಮಗುವಿಗೆ ಬರಿಯ ಹಿತವಚನವನ್ನು ಹೇಳುತ್ತ ವರ್ಷಗಳನ್ನು ಕಳೆಯುವದೂ, ಹಸಿದ ಮಗುವಿಗೆ ಮಾತ್ರೆಯನ್ನು ಕೊಡುವಷ್ಟೇ ಅನ್ಯಾಯ. ಹಸಿವೂ ವ್ಯಾಧಿಯೂ ಒಂದೇ ಮಗುವಿನಲ್ಲಿ ಕೂಡಿರುವದೂ ಉಂಟು. ಅಲ್ಲಿ ಎರಡಕ್ಕೂ ಚಿಕಿತ್ಸೆಯಾಗಬೇಕು.

ತಾಯ್ತಂದೆಗಳು ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ತಿಂಗಳು ಎರಡಾಣೆಯ ವಹಿಯಂಥದೊಂದರಲ್ಲಿ ಬರೆದಿಡಲಿ: ಎಷ್ಟು ಗಂಟೆಗೆ ಮಲಗಿದನು, ಬೆಳಿಗ್ಗೆ ಏನು ತಿಂದನು, ಯಾವ ಹೊತ್ತಿನಲ್ಲಿ ಕೆರಳಿದನು, ಎಲ್ಲಿ ಶಾಂತನಾಗಿ ಕುಳಿತನು, ಆಗ ಹತ್ತಿರ ಯಾರಿದ್ದರು. ಕೊನೆಯ ಎರಡು ಪ್ರಶ್ನೆಗಳು ಮುಖ್ಯವಾದವು. ವೈದ್ಯರಿಗೆ ಆ ವಹಿಯು ನಮ್ಮ ನೂರು ಮಾತುಗಳಿಗಿಂತ ಹೆಚ್ಚಿನದನ್ನು ತಿಳಿಸುವದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬಂದು ೧೮ ವರ್ಷದ ವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ನೋಡಬೇಕಾದ ದೋಷಗಳ ಪಟ್ಟಿಯಲ್ಲಿ ಕಿವಿ, ಕಣ್ಣು, ರಕ್ತಹೀನತೆಗಳೊಡನೆ ಈ ವ್ಯಾಧಿಯ ಹೆಸರೂ ಇದೆ. ತಂಡವು ಬರುವ ದಿನವನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಿಳಿದುಕೊಂಡು, ಆ ದಿನ ಕೂಲಿ ತಪ್ಪಿದರೂ ಚಿಂತೆಯಿಲ್ಲವೆಂದು ತಾಯಿಯೋ ತಂದೆಯೋ ಒಬ್ಬರು ವಹಿಯನ್ನು ಹಿಡಿದುಕೊಂಡು ಮಗುವಿನ ಜೊತೆಯಲ್ಲಿ ನಿಂತಿರಬೇಕು.